ಗಣಕದ ದಿನಚರಿ ಯಾರ ಸೊತ್ತು?

ಗಣಕಯಂತ್ರದಲ್ಲಿ ನಡೆಯುವ ತಂತ್ರಾಂಶಗಳು ಬಹುಮಟ್ಟಿಗೆ ತಾವು ಮಾಡಿದುದನ್ನು ಎಲ್ಲಿಯಾದರೂ ಬರೆದಿಡುತ್ತವೆ. ಯಾವ ಗಳಿಗೆಯಲ್ಲಿ ಏನು ನಡೆಯಿತು, ಎಲ್ಲಿ ತಪ್ಪಿತು ಎಂಬ ಈ ದಾಖಲೆಗೆ ‘ಲಾಗ್’ ಎಂಬ ಹೆಸರು ಹಡಗಿನಿಂದ ಬಂದುದು. ಹಗ್ಗ ಕಟ್ಟಿದ ಮರದ ತುಂಡನ್ನು ಕಡಲಿಗೆ ಬಿಟ್ಟು ವೇಗವನ್ನಳೆದು ಬರೆಯುತ್ತಿದ್ದ ಪುಸ್ತಕಕ್ಕೆ ಆ ತುಂಡಿನ ಹೆಸರೇ ನಿಂತಿತು. ಹಡಗಿನ ದಿನಚರಿಯನ್ನು ಹಡಗಿನವರೇ ಬರೆದು ಹಡಗಿನವರೇ ಓದುತ್ತಿದ್ದರು. ಗಣಕದ ದಿನಚರಿಯನ್ನಾದರೋ ಯಂತ್ರವು ಬರೆಯುವುದು, ಯಂತ್ರವನ್ನು ಕಟ್ಟಿದವನು ಓದುವನು. ಅದರ ಮುಂದೆ ಕುಳಿತು ದುಡಿಯುವವನಿಗೆ ಪಾಲಿಲ್ಲ. ಇದು ಬರಿಯ ಅನನುಕೂಲವೋ ಅನ್ಯಾಯವೋ ಎಂಬುದು ವಿಚಾರಾರ್ಹವಾಗಿದೆ.

ಕಟ್ಟಿದವರ ವಾದವು ತಳ್ಳಿಹಾಕತಕ್ಕದ್ದಲ್ಲ. ಸಾಮಾನ್ಯನಿಗೆ ಇದು ಅರ್ಥವಾಗದು, ಕಂಡರೆ ಬೆದರುವನು ಎನ್ನುತ್ತಾರೆ. 1993ರಲ್ಲಿ ವಿಂಡೋಸ್ ಎನ್‌ಟಿಯೊಡನೆ ‘ಈವೆಂಟ್ ವ್ಯೂವರ್’ ಎಂಬ ಕಿಟಕಿ ಬಂದಿತು. ಆರೋಗ್ಯವಾಗಿರುವ ಯಂತ್ರದಲ್ಲಿಯೂ ಅಲ್ಲಿ ಕೆಂಪು ಗುರುತುಗಳು ತೋರುವುದುಂಟು. ಮೋಸಗಾರರು ದೂರವಾಣಿಯಲ್ಲಿ ಜನರಿಂದ ಆ ಕಿಟಕಿಯನ್ನೇ ತೆರೆಸಿ, “ನೋಡಿರಿ, ಯಂತ್ರಕ್ಕೆ ರೋಗ ತಗುಲಿದೆ” ಎಂದು ಹೇಳಿ ಹಣ ಸುಲಿದರು. 2012ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನು ಇಂಥ ತಂಡಗಳ ಮೇಲೆ ವ್ಯಾಜ್ಯ ಹೂಡಬೇಕಾಯಿತು. ಆದರೆ ಇದರಿಂದ ಸಿದ್ಧವಾಗುವುದೇನು? ಜನರಿಗೆ ತೋರಿಸಬಾರದೆಂದಲ್ಲ, ತಿಳಿಯದ ಭಾಷೆಯಲ್ಲಿ ತೋರಿಸಿದುದು ವಂಚಕನ ಕೈಗೆ ಆಯುಧವಾಗುವುದೆಂದು.

ತೋರಿಸದೆ ಇದ್ದುದರ ಫಲವನ್ನು ಇಂಗ್ಲೆಂಡಿನ ಅಂಚೆಯವರ ಕಥೆ ಹೇಳುತ್ತದೆ. 1999ರಿಂದ ಅಲ್ಲಿಯ ಅಂಚೆ ಶಾಖೆಗಳಿಗೆ ‘ಹೊರೈಜನ್’ ಎಂಬ ಲೆಕ್ಕದ ವ್ಯವಸ್ಥೆ ಬಂದಿತು. ಸಂಜೆ ಲೆಕ್ಕ ಮುಗಿಸಿದಾಗ ಪರದೆಯ ಮೇಲೆ ಕೊರತೆಯೆಂದು ಒಂದು ಮೊತ್ತ ಕಾಣುತ್ತಿತ್ತು. ಅದು ಹೇಗೆ ಬಂದಿತೆಂದು ಶೋಧಿಸಲು ಬೇಕಾದ ವಿವರ ಶಾಖೆಯವನಿಗೆ ದೊರೆಯುತ್ತಿರಲಿಲ್ಲ. ಆಳವಾದ ದಾಖಲೆಗಳು ವ್ಯವಸ್ಥೆಯನ್ನು ನಡೆಸುತ್ತಿದ್ದ ಫುಜಿತ್ಸು ಸಂಸ್ಥೆಯ ಬಳಿ ಇದ್ದವು. ತಿಳಿದ ದೋಷಗಳ ಪಟ್ಟಿಯೂ ಅಲ್ಲಿಯೇ ಇತ್ತು. ಅನೇಕರು ಮನೆ ಮಾರಿ, ಸಾಲ ಮಾಡಿ ಇಲ್ಲದ ಕೊರತೆಯನ್ನು ತುಂಬಿದರು. 900ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕ ಮೊದಲಾದ ಅಪರಾಧಗಳಿಗೆ ದೋಷಿಗಳೆನಿಸಿದರು. ಕೆಲವರು ಸೆರೆಮನೆಗೂ ಹೋದರು. ಯಮನ ಸಭೆಯಲ್ಲಿ ಚಿತ್ರಗುಪ್ತನಾದರೂ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುವನಂತೆ. ಇವರಲ್ಲಿ ಅನೇಕರಿಗೆ ಆ ಭಾಗ್ಯವೂ ಇರಲಿಲ್ಲ. ಗಣಕದ ಸಾಕ್ಷ್ಯವನ್ನು ಒಪ್ಪಿಸುವವರು ಅದು ಸರಿಯಾಗಿ ನಡೆಯುತ್ತಿತ್ತೆಂದು ತೋರಿಸಬೇಕೆಂಬ 1984ರ ವಿಧಿಯನ್ನು ರದ್ದುಗೊಳಿಸಿದ ಶಾಸನವೂ 1999ರದೇ! ಅಲನ್ ಬೇಟ್ಸ್ ಮೊದಲಾದ 555 ಮಂದಿ ಹೂಡಿದ ದಾವೆಯಲ್ಲಿ 2019ರ ಡಿಸೆಂಬರಿನಲ್ಲಿ ತೀರ್ಪು ಬಂದು, ವ್ಯವಸ್ಥೆಯಲ್ಲಿ ದೋಷಗಳಿದ್ದುದೂ, ದೂರದಲ್ಲಿ ಕುಳಿತವರು ಶಾಖೆಯ ಲೆಕ್ಕದೊಳಗೆ ಕೈಯಾಡಿಸಬಹುದಾಗಿದ್ದುದೂ ಸ್ಥಿರಪಟ್ಟವು. 2021ರಲ್ಲಿ ಒಮ್ಮೆಗೇ 39 ಮಂದಿಯ ಶಿಕ್ಷೆ ರದ್ದಾಯಿತು. ಉಳಿದವರಲ್ಲಿ ಬಹುಮಂದಿಗಾಗಿ 2024ರಲ್ಲಿ ಪಾರ್ಲಿಮೆಂಟು ಪ್ರತ್ಯೇಕ ಶಾಸನವನ್ನೇ ಮಾಡಬೇಕಾಯಿತು.

ಮೇಜಿನ ಮೇಲಿನ ಸಣ್ಣ ಲೆಕ್ಕದ ತಂತ್ರಾಂಶಕ್ಕೂ ಇದೇ ಪ್ರಶ್ನೆ ಸಲ್ಲುತ್ತದೆ. “ದೋಷ 0x80070005” ಎಂದು ಬರೆದರೆ ಸುಳ್ಳಾಡಿದಂತಲ್ಲ, ನಿಜ. ಆದರೆ ಓದಲಾಗದವನ ಮುಂದೆ ಓಲೆ ಹಿಡಿದಂತೆ. “ಈ ಕಡತವನ್ನು ತೆರೆಯಲು ನಿಮಗೆ ಅನುಮತಿಯಿಲ್ಲ, ಆದುದರಿಂದ 4 ಗಂಟೆಗೆ ಉಳಿಸಿದ ಪ್ರತಿಯೇ ಕೊನೆಯದು” ಎಂದರೆ ಮನುಷ್ಯನು ಮುಂದಿನ ಕೆಲಸ ನೋಡಿಕೊಳ್ಳುವನು. ಎಲ್ಲಕ್ಕಿಂತ ಮಿಗಿಲಾಗಿ, ಮಾಡಿದವನು ಬಳಸುವವನೋ, ತಂತ್ರಾಂಶವು ತಾನಾಗಿಯೋ, ದೂರದ ಇನ್ನೊಬ್ಬನೋ ಎಂಬುದು ಸಾಲುಸಾಲಿನಲ್ಲಿ ಕಾಣಬೇಕು; ಅಂಚೆಯವರಿಗೆ ಬೇಕಾಗಿದ್ದುದು ಇಷ್ಟೇ. ಸರಳಗೊಳಿಸುವ ಭರದಲ್ಲಿ ಅಹಿತವಾದುದನ್ನು ನುಂಗಬಾರದಾದುದರಿಂದ ಮೂಲ ದಾಖಲೆಯೂ ಅಡಿಯಲ್ಲಿ ತೆರೆದಿರಬೇಕು.

ಇಲ್ಲಿ ಇನ್ನೊಂದು ತೊಡಕುಂಟು. ಒಂದೇ ಗಣಕವನ್ನು ಮನೆಮಂದಿಯೆಲ್ಲ ಬಳಸುವಲ್ಲಿ, ಸೊಸೆ ಬರೆದ ಪತ್ರದ ಹೆಸರೂ ಗಳಿಗೆಯೂ ಮಾವನಿಗೆ ಸುಲಭವಾಗಿ ಓದಸಿಕ್ಕುವಂತಾದರೆ ಆ ದಿನಚರಿಯು ಗೂಢಚಾರನಾಗುವುದು. ಅವಳ ಪುಟವನ್ನು ಅಳಿಸುವ ಹಕ್ಕನ್ನು ಅವಳಿಗೆ ಕೊಡಬೇಕು. ಆದರೆ ನಾಳೆ ಅಂಚೆಯವನಂತೆ ಅವಳ ಮೇಲೂ ಅಪವಾದ ಬಂದರೆ, ಅವಳನ್ನು ಉಳಿಸಬಲ್ಲ ಸಾಕ್ಷಿಯೂ ಆ ಪುಟವೇ.