ಕ್ಷಮಿಸುವುದು ಯಾಕಿಷ್ಟು ಕಷ್ಟ?

ಕ್ಷಮೆ ಎಂಬುದು ಎರಡೇ ಅಕ್ಷರದ ಮಾತು. ಬಾಯಲ್ಲಿ ಹೇಳಿದಷ್ಟು ಸುಲಭವಾಗಿ ಅದು ಮನಸ್ಸಿಗೆ ಇಳಿಯುವುದಿಲ್ಲ. ಹರಕೆ ಹೊತ್ತು ಬೆಟ್ಟ ಹತ್ತಿ ಬರುವ ಭಕ್ತಾದಿಗಳು ಕಾಯಿಲೆ ವಾಸಿಯಾಗಲಿ, ಮಗಳಿಗೆ ಒಳ್ಳೇ ಸಂಬಂಧ ಕೂಡಿ ಬರಲಿ, ಸಾಲ ತೀರಲಿ ಅಂತ ಬೇಡಿಕೊಳ್ಳುತ್ತಾರೆ. ಮೇಣದಬತ್ತಿ ಹಚ್ಚುತ್ತಾರೆ, ಮೊಣಕಾಲೂರುತ್ತಾರೆ. ಊರಲ್ಲಿ ಒಡಹುಟ್ಟಿದವನ ಜೊತೆ ಮಾತು ಬಿಟ್ಟು ಆರೇಳು ವರ್ಷ ಆಗಿರುತ್ತದೆ. ಆ ವಿಷಯ ಮಾತ್ರ ಹರಕೆಯಲ್ಲಿ ಬರುವುದೇ ಇಲ್ಲ.

ಯೇಸುಸ್ವಾಮಿಯವರು ಇಂಥವರನ್ನು ಕಂಡೇ ಮಾತಾಡಿದಂತಿದೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು, ಮೊದಲು ಹೋಗಿ ಸಹೋದರನ ಜೊತೆ ರಾಜಿಯಾಗು ಎಂದು ಅವರು ಹೇಳಿದ್ದು ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿದೆ. ಓದುವವರು ಇಲ್ಲಿ ಒಂದು ಮಾತನ್ನು ಗಮನಿಸದೆ ದಾಟಿ ಹೋಗುತ್ತಾರೆ. ನಿನಗೆ ಅವನ ಮೇಲೆ ಕೋಪವಿದ್ದರೆ ಅಂತ ಅಲ್ಲಿ ಇಲ್ಲ. ಅವನಿಗೆ ನಿನ್ನ ಮೇಲೆ ಮನಸ್ತಾಪವಿದ್ದರೆ ಅಂತ ಇದೆ. ಅಂದರೆ ಕಾಣಿಕೆ ಹಿಡಿದು ನಿಂತವನೇ ತಪ್ಪು ಮಾಡಿದವನಿರಬಹುದು. ಜಗಳದಲ್ಲಿ ಎರಡೂ ಕಡೆಯವರು ತಾವೇ ನೊಂದವರು ಅಂದುಕೊಂಡಿರುತ್ತಾರೆ. ಹೀಗಿರುವಾಗ ಮೊದಲು ಹೋಗುವವರು ಯಾರು?

ಕ್ಷಮೆಯ ದೊಡ್ಡ ಉದಾಹರಣೆಗಳು ಬೇಕಾದಷ್ಟಿವೆ. ಕೇರಳ ಮೂಲದ ಸಿಸ್ಟರ್ ರಾಣಿ ಮರಿಯ ಮಧ್ಯಪ್ರದೇಶದ ಉದಯನಗರದಲ್ಲಿ ಬಡ ರೈತರು, ಆದಿವಾಸಿಗಳ ನಡುವೆ ಸೇವೆ ಮಾಡುತ್ತಿದ್ದರು. ಬಡ್ಡಿ ವ್ಯವಹಾರದವರ ಕೈಯಿಂದ ಜನರನ್ನು ಬಿಡಿಸಲು ಹೊರಟದ್ದು ಅಲ್ಲಿನ ಕೆಲವರಿಗೆ ಸಹಿಸಲಿಲ್ಲ. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಇಂದೋರಿಗೆ ಹೋಗುತ್ತಿದ್ದಾಗ ಸಮಂದರ್ ಸಿಂಗ್ ಎಂಬ ಯುವಕ ಅವರನ್ನು ಇರಿದು ಕೊಂದ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 2002ರಲ್ಲಿ ರಾಣಿ ಮರಿಯ ಅವರ ಸ್ವಂತ ತಂಗಿ ಸಿಸ್ಟರ್ ಸೆಲ್ಮಿ ಪೌಲ್ ಜೈಲಿಗೇ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಅವರ ತಾಯಿಯೂ ಅವನನ್ನು ಕಂಡು, ಮಗಳನ್ನು ಕೊಂದ ಆ ಕೈಗಳಿಗೆ ಮುತ್ತಿಟ್ಟರು. 2006ರಲ್ಲಿ ಅವನ ಬಿಡುಗಡೆಯಾಯಿತು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯ ಅವರನ್ನು ಪುನೀತೆಯೆಂದು ಸಾರಿದಾಗ ಅವನೂ ಅಲ್ಲಿದ್ದ.

ಈ ಕಥೆ ಕೇಳಿದವರಿಗೆ ರಾಖಿ ನೆನಪಿರುತ್ತದೆ. 1995ರಿಂದ 2002ರವರೆಗಿನ ಏಳು ವರ್ಷ ನೆನಪಿರುವುದಿಲ್ಲ. ರಾಖಿ ಕಟ್ಟಲು ಒಂದು ನಿಮಿಷ ಸಾಕು. ಅಲ್ಲಿಗೆ ಹೋಗಿ ತಲುಪಲು ಏಳು ವರ್ಷ ಬೇಕಾಯಿತು. ಪಾಪನಿವೇದನೆ ಮಾಡಿ ಹೊರಗೆ ಬಂದ ಕೂಡಲೇ ಕೋಪ ಹೋಗಿಲ್ಲವಲ್ಲಾ ಅಂತ ಕೊರಗುವವರು ಈ ಲೆಕ್ಕ ತಿಳಿದಿರಬೇಕು.

ಕ್ಷಮೆ ಅಂದರೆ ಅನ್ಯಾಯಕ್ಕೆ ಕಣ್ಣು ಮುಚ್ಚುವುದೂ ಅಲ್ಲ. ಒರಿಸ್ಸಾದ ಮನೋಹರಪುರದಲ್ಲಿ 1999ರ ಜನವರಿಯಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ವಾಹನದಲ್ಲೇ ಸುಟ್ಟರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದೆ ಎಂದರು, ಬಾರಿಪದದ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಆದರೆ ಕ್ಷಮೆ ಬೇರೆ, ಕಾನೂನಿನ ಶಿಕ್ಷೆ ಬೇರೆ ಎಂಬುದನ್ನೂ ಅವರು ಮರೆಯಲಿಲ್ಲ. ಕುಡಿದು ಬಂದು ಹೊಡೆಯುವ ಗಂಡನ ವಿಚಾರದಲ್ಲಿ ಹೆಂಡತಿಗೆ "ಕ್ಷಮಿಸಮ್ಮಾ, ಸಹಿಸ್ಕೊಂಡು ಹೋಗು" ಅಂತ ಹಿರಿಯರು ಹೇಳಿಬಿಡುತ್ತಾರೆ. ಹೇಳುವವರಿಗೇನು, ಏಟು ಬೀಳುವುದು ಅವಳಿಗೆ. ಅದಕ್ಕೆ ಯೇಸುಸ್ವಾಮಿಯವರ ಹೆಸರನ್ನು ಎಳೆದು ತರುವುದು ಸರಿಯಲ್ಲ.

ದಿನನಿತ್ಯದ ಕ್ಷಮೆಯ ತೊಂದರೆ ಏನೆಂದರೆ, ಅಲ್ಲಿ ತಪ್ಪು ಮಾಡಿದವನು ಜೈಲಿನಲ್ಲಿರುವುದಿಲ್ಲ, ಪಕ್ಕದ ಮನೆಯಲ್ಲೇ ಇರುತ್ತಾನೆ. ಬೆಳಗಾದರೆ ನಲ್ಲಿ ಹತ್ತಿರ ಮುಖ ಕಾಣುತ್ತದೆ. ಪೂಜೆಯಲ್ಲಿ ಶಾಂತಿ ಕೋರುವಾಗ ಗುರುತಿಲ್ಲದವರಿಗೆಲ್ಲ ಕೈ ಮುಗಿದು, ಹಿಂದಿನ ಬೆಂಚಿನಲ್ಲಿರುವ ಅಣ್ಣನ ಕಡೆ ಮಾತ್ರ ತಿರುಗದವರಿದ್ದಾರೆ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಕೇಳಿದ ಪೇತ್ರನಿಗೆ ಸಿಕ್ಕ ಉತ್ತರದಲ್ಲಿ ಎಪ್ಪತ್ತರ ಲೆಕ್ಕ ಬರುತ್ತದೆ. ಅಷ್ಟೊಂದು ತಪ್ಪನ್ನು ಯಾರು ಮಾಡುತ್ತಾರೆ ಅನ್ನಿಸಬಹುದು. ತಪ್ಪು ಒಂದೇ ಇರಬಹುದು, ಅದು ನೆನಪಾಗುವುದು ದಿನಾಲೂ. ನೆನಪಾದಾಗಲೆಲ್ಲ ಮತ್ತೆ ಕ್ಷಮಿಸಬೇಕಾಗುತ್ತದೆ.

ಒಬ್ಬ ರೈತನ ಹೊಲದ ಬದುವನ್ನು ಅವನ ಅಣ್ಣ ಒತ್ತಿದ್ದ. ಇಬ್ಬರಿಗೂ ಮಾತಿರಲಿಲ್ಲ. ತಮ್ಮ ಹರಕೆಗೆಂದು ಬೆಟ್ಟಕ್ಕೆ ಬಂದು, ಕಾಣಿಕೆ ಹಾಕುವ ಮುಂಚೆ ಸುಮಾರು ಹೊತ್ತು ಮೆಟ್ಟಿಲ ಮೇಲೆ ಕೂತಿದ್ದ. ಆಮೇಲೆ ಅಣ್ಣನಿಗೆ ಫೋನ್ ಮಾಡಿದ. ಬದುವಿನ ಮಾತೆತ್ತಲಿಲ್ಲ. "ಅತ್ತಿಗೆ ಆಸ್ಪತ್ರೆಯಲ್ಲಿದ್ದಾಗ ನಾನು ಬರಲಿಲ್ಲ ಅಣ್ಣಾ, ತಪ್ಪಾಯ್ತು" ಅಂದ. ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅಣ್ಣ, "ಊಟ ಆಯ್ತೇನೋ?" ಅಂತ ಕೇಳಿದ. ಅಷ್ಟೇ ಮಾತು. ಸರ್ವೆಯವರನ್ನು ಕರೆಸಿ ಹೊಲ ಅಳತೆ ಮಾಡಿಸುವುದು ಇನ್ನೂ ಬಾಕಿ ಇದೆ.