ಮುಚ್ಚಳದೊಳಗಿನ ಕೆಲಸ

ಮಾಡಿದವನ ಹೊರತು ಮತ್ತಾರ ಕಣ್ಣಿಗೂ ಬೀಳದ ಕೆಲಸದಲ್ಲಿ ಪ್ರಾಮಾಣಿಕತೆಯು ಯಾರ ಹೊಣೆ? ಮಾಡುವವನದೇ ಎಂದು ಯಾರಾದರೂ ತಟ್ಟನೆ ಉತ್ತರಿಸಿಯಾರು. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆನು; ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಅದನ್ನೇ ಬೋಧಿಸಿದೆನು. ಆ ಉತ್ತರವು ಅರ್ಧ ಮಾತ್ರವೆಂದು ನನಗೆ ತಿಳಿದದ್ದು ಕಳೆದ ವರ್ಷ, ಹರಿಯಬ್ಬೆಯ ನಮ್ಮ ಮನೆಯ ಪಡಸಾಲೆಯಲ್ಲಿ ಹಳೆಯ ಮೋಟಾರು ಸೈಕಲ್ಲೊಂದರ ಕ್ಲಚ್ಚನ್ನು ಬದಲಿಸಲು ಕುಳಿತಾಗ. ಇದು ಈ ಪುಟಗಳಿಗೆ ತಕ್ಕ ವಿಷಯವಲ್ಲವೆಂದು ಕೆಲವರಿಗೆ ತೋರಬಹುದು. ಶ್ರೀಮಠದ ಪ್ರಸಾದನಿಲಯದಲ್ಲಿ ನನ್ನ ಜೊತೆಗಿದ್ದ ಗೆಳೆಯರಂತೂ, ಪಾತ್ರೆ ತೊಳೆಯುವ ಸರದಿಯಿಂದ ತಪ್ಪಿಸಿಕೊಳ್ಳುತ್ತಿದ್ದವನು ಇವನೇ ಅಲ್ಲವೇ ಎಂದು ನಕ್ಕಾರು. ನಗಲಿ.

ಬಂಡಿಯು ಯೆಜ್ಡಿ 250. 1984ರಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಾಲ ಮಾಡಿ ಕೊಂಡದ್ದು. ಚೆಕೊಸ್ಲೊವಾಕಿಯಾದ ಜಾವಾ ಬಂಡಿಯನ್ನು ನಮ್ಮ ನಾಡಿನಲ್ಲಿ ತಯಾರಿಸಲು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಕೆಲಸ ಆರಂಭಿಸಿತಷ್ಟೆ. ಮುಂದೆ ಅದೇ ಬಂಡಿಯು ಯೆಜ್ಡಿ ಎಂಬ ಹೆಸರು ಪಡೆಯಿತು. ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ಡಿ ಎಂಬ ಹೆಸರು 2022ರಲ್ಲಿಯೂ ಹೊಸ ಬಂಡಿಗಳ ಮೇಲೆ ಮರಳಿ ಬಂದಿವೆಯಾದರೂ, ಅವುಗಳ ಬಿಡಿಭಾಗಗಳು ನಮ್ಮ ಹಳೆಯ ಬಂಡಿಗೆ ಹೊಂದುವಂಥವಲ್ಲ. ಆದುದರಿಂದ ಇಂಥ ಬಂಡಿಯನ್ನು ಇಟ್ಟುಕೊಂಡವನು ಅದರ ಒಳಗನ್ನು ಅಷ್ಟಿಷ್ಟಾದರೂ ಬಲ್ಲವನಾಗಿರಬೇಕಾಗುತ್ತದೆ.

ಧರ್ಮಸ್ಥಳಕ್ಕೆ ಹೋಗಿ ಚಾರ್ಮಾಡಿ ಘಟ್ಟವನ್ನು ಹತ್ತಿ ಹಿಂದಿರುಗುತ್ತಿದ್ದೆವು. ಹಿಂದಿನ ಆಸನದಲ್ಲಿ ನನ್ನ ಪತ್ನಿ. ತಿರುವೊಂದರಲ್ಲಿ ವೇಗ ಹೆಚ್ಚಿಸಲೆಂದು ಕೈ ತಿರುಗಿಸಿದೆನು. ಎಂಜಿನ್ನು ಆರ್ಭಟಿಸಿತೇ ಹೊರತು ಬಂಡಿಯು ಮುಂದಕ್ಕೆ ನುಗ್ಗಲಿಲ್ಲ. ಇನ್ನಷ್ಟು ತಿರುಗಿಸಿದರೆ ಸದ್ದು ಇನ್ನಷ್ಟಾಯಿತು, ಓಟವು ಮತ್ತೂ ಕುಗ್ಗಿತು. ಬೆನ್ನ ಹಿಂದೆ ಲಾರಿಯೊಂದು ಏದುಸಿರು ಬಿಡುತ್ತ ಬರುತ್ತಿತ್ತು. ಸುಟ್ಟ ಬೆಂಡಿನ ಕಮಟು ವಾಸನೆ. ಬಂಡಿಯನ್ನು ಬದಿಗೆ ನಿಲ್ಲಿಸಿದೆನು. ಆಕೆಯು ಇಳಿದು ಸ್ವಲ್ಪ ದೂರ ನಡೆದಳು. ಆ ಲಾರಿಯ ಚಾಲಕನೇ ಕನಿಕರಪಟ್ಟು ಆಕೆಯನ್ನು ಕೊಟ್ಟಿಗೆಹಾರದವರೆಗೆ ಕರೆತಂದನು. ಬರಿಯ ನನ್ನೊಬ್ಬನ ಭಾರವನ್ನು ಹೊತ್ತು ಬಂಡಿಯು ಹೇಗೋ ತೆವಳಿಕೊಂಡು ಮೇಲೆ ಬಂದಿತು.

ಕ್ಲಚ್ಚಿನ ಕೆಲಸವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು, ಇಲ್ಲವಾದರೆ ಮುಂದಿನದು ಸ್ಪಷ್ಟವಾಗದು. ಎಂಜಿನ್ನಿನ ಶಕ್ತಿಯು ಒಳಸರಪಳಿಯೊಂದರ ಮೂಲಕ ಒಂದು ಬುಟ್ಟಿಯಾಕಾರದ ಚಕ್ರವನ್ನು ತಿರುಗಿಸುತ್ತದೆ. ಆ ಬುಟ್ಟಿಯೊಳಗೆ ತಟ್ಟೆಗಳನ್ನು ಒಂದರ ಮೇಲೊಂದಾಗಿ ಜೋಡಿಸಿರುತ್ತಾರೆ. ಬೆಂಡು ಕೂರಿಸಿದ ತಟ್ಟೆಗಳ ಹಲ್ಲುಗಳು ಹೊರಗಿನ ಬುಟ್ಟಿಯ ಸೀಳುಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಅವುಗಳ ನಡುನಡುವೆ ಇರುವ ಬರಿಯ ಉಕ್ಕಿನ ತಟ್ಟೆಗಳು ಒಳಗಿನ ಗುಂಬಕ್ಕೆ, ಆ ಮೂಲಕ ಗೇರು ಪೆಟ್ಟಿಗೆಗೆ, ಹೊಂದಿಕೊಂಡಿರುತ್ತವೆ. ಸ್ಪ್ರಿಂಗುಗಳು ಇವೆಲ್ಲವನ್ನೂ ಅದುಮಿ ಹಿಡಿದಾಗ ಬುಟ್ಟಿಯೂ ಗುಂಬವೂ ಒಂದಾಗಿ ತಿರುಗುವುವು. ಕೈಯ ಹಿಡಿಯನ್ನು ಎಳೆದರೆ ಸರಳೊಂದು ಒಳಗಿನಿಂದ ತಳ್ಳಿ ಆ ಅದುಮನ್ನು ಸಡಿಲಿಸುತ್ತದೆ. ತಟ್ಟೆಗಳ ಬೆಂಡು ಸವೆದರೆ ಹಿಡಿತವು ತಪ್ಪಿ, ಎಂಜಿನ್ನು ಒಂದು ವೇಗದಲ್ಲಿಯೂ ಚಕ್ರವು ಮತ್ತೊಂದು ವೇಗದಲ್ಲಿಯೂ ಇರುತ್ತವೆ. ಇದನ್ನು ಮನಸ್ಸಿಗೂ ಇಂದ್ರಿಯಗಳಿಗೂ ಹೋಲಿಸಿ ಒಂದು ಗಂಟೆ ಉಪನ್ಯಾಸ ಮಾಡುವುದು ಸುಲಭ. ಆ ಗೋಜಿಗೆ ನಾನು ಹೋಗುವುದಿಲ್ಲ.

ಯೆಜ್ಡಿಯಲ್ಲಿ ಒಂದು ವಿಶೇಷವುಂಟು. ಎಂಜಿನ್ನನ್ನು ಒದ್ದು ಎಬ್ಬಿಸುವ ಸನ್ನೆಯೇ ಮಡಿಸಿದಾಗ ಗೇರು ಬದಲಿಸುವ ಸನ್ನೆಯೂ ಆಗುತ್ತದೆ. ಕಾಲಿನಿಂದ ಅದನ್ನು ಒತ್ತಿದಾಗ ಕ್ಲಚ್ಚು ತಾನಾಗಿಯೇ ಬಿಡಿಸಿಕೊಳ್ಳುವ ಏರ್ಪಾಡೂ ಇದೆ. ಕೈ ಮಾಡಬೇಕಾದ ಕೆಲಸವನ್ನು ಕಾಲು ಹೇಳದೆಯೇ ಮಾಡಿಕೊಡುತ್ತದೆ. ಈ ಸೌಕರ್ಯಕ್ಕೆ ಬೆಲೆಯೂ ಇದೆ. ತಳ್ಳುವ ಸರಳಿಗೆ ಒಂದಿಷ್ಟು ಸಡಿಲವನ್ನು ಬಿಡದಿದ್ದರೆ ಕ್ಲಚ್ಚು ಸದಾ ಅರ್ಧ ಬಿಟ್ಟಂತೆಯೇ ಇದ್ದು ಹೊಸ ತಟ್ಟೆಗಳೂ ಜಾರತೊಡಗುತ್ತವೆ. ಮನೆಗೆ ಬಂದವನು ಮೊದಲು ಅದನ್ನೇ ಪರೀಕ್ಷಿಸಿದೆನು. ಸಡಿಲವು ಸರಿಯಾಗಿತ್ತು. ಅಂದಮೇಲೆ ದೋಷವು ಒಳಗಿನದು.

ಇದೇ ಬಂಡಿಯ ಕ್ಲಚ್ಚನ್ನು ಆರು ವರ್ಷಗಳ ಹಿಂದೆ ಪೇಟೆಯ ಮೆಕ್ಯಾನಿಕ್ ಒಬ್ಬನಿಂದ ಬದಲಿಸಿದ್ದೆನು. ಇಷ್ಟು ಬೇಗ ಸವೆಯಬಾರದೆಂಬ ಅಸಮಾಧಾನವೇ ಈ ಬಾರಿ ನಾನೇ ಕೈ ಹಾಕಲು ಕಾರಣವಾಯಿತು. ಸ್ವಾವಲಂಬನೆಯ ಆದರ್ಶವೇನೂ ಅಲ್ಲ. ಹಾಗೆ ಬರೆದುಕೊಂಡರೆ ಓದಲು ಚೆನ್ನಾಗಿರುತ್ತದೆ, ಆದರೆ ನಿಜವಲ್ಲ.

ಎಣ್ಣೆಯನ್ನು ಬಸಿದು, ಸನ್ನೆಯನ್ನು ಕಳಚಿ, ಎಡಭಾಗದ ಮುಚ್ಚಳದ ತಿರುಪುಗಳನ್ನು ಬಿಚ್ಚಲು ತೊಡಗಿದೆನು. ಈ ತಿರುಪುಗಳ ತಲೆಯ ಸೀಳು ಹಲವು ಕೈಗಳು ಆಡಿ ಸವೆದಿದ್ದವು. ಅವಸರದಿಂದ ತಿರುಗಿಸಿದರೆ ಸೀಳು ಕಿತ್ತುಹೋಗುತ್ತದೆ. ತಿರುಪುಳಿಯನ್ನು ಗಟ್ಟಿಯಾಗಿ ಊರಿ, ಹಿಂದಿನಿಂದ ಸುತ್ತಿಗೆಯಲ್ಲಿ ಒಂದು ಪೆಟ್ಟು ಕೊಟ್ಟು, ಆಮೇಲೆ ತಿರುಗಿಸಬೇಕು. ಅದೊಂದಕ್ಕೇ ಮಧ್ಯಾಹ್ನವಾಯಿತು. ಅರ್ಧ ದಿನದ ಕೂಲಿಯೆಂದರೆ ಏನೆಂಬುದು ನನ್ನ ಮೊಣಕಾಲಿಗೆ ಆಗಲೇ ತಿಳಿಯತೊಡಗಿತ್ತು.

ಮುಚ್ಚಳ ತೆಗೆದು, ಸ್ಪ್ರಿಂಗುಗಳನ್ನು ಬಿಡಿಸಿ, ತಟ್ಟೆಗಳನ್ನು ಒಂದೊಂದಾಗಿ ಹೊರತೆಗೆದು ಬಿಳಿಯ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆನು. ಎಲ್ಲಕ್ಕಿಂತ ಹೊರಗಿದ್ದ ತಟ್ಟೆಯ ಬೆಂಡು ಲೋಹದ ಮಟ್ಟಕ್ಕಿಂತ ಮೇಲೆ ಎದ್ದು ನಿಂತಿತ್ತು. ಒಳಗಿನವುಗಳಲ್ಲಿ ಬೆಂಡು ಲೋಹದ ಸಮಕ್ಕೆ ಸವೆದು, ಕಪ್ಪುಗಟ್ಟಿ, ಗಾಜಿನಂತೆ ನುಣುಪಾಗಿತ್ತು. ಅವು ಆರು ವರ್ಷದವಲ್ಲ, ಅದಕ್ಕಿಂತ ಬಹಳ ಹಳೆಯವು. ಒಂದು ಹೊಸ ತಟ್ಟೆಯನ್ನು ಕಣ್ಣಿಗೆ ಕಾಣುವ ಕಡೆ ಹಾಕಿ, ಉಳಿದವನ್ನು ಇದ್ದಂತೆಯೇ ಇಟ್ಟು ಮುಚ್ಚಳ ಮುಚ್ಚಲಾಗಿತ್ತು. ನನಗೆ ಬಂದ ಕೋಪವನ್ನು ವರ್ಣಿಸಲಾರೆ. ಘಟ್ಟದ ತಿರುವಿನಲ್ಲಿ ನನ್ನ ಪತ್ನಿಯನ್ನು ಬೀಳಿಸಬಹುದಾಗಿದ್ದ ಕೈ ಇದು ಎಂದುಕೊಂಡೆನು. ಮರುದಿನವೇ ಪೇಟೆಗೆ ಹೋಗಿ ನಾಲ್ಕು ಜನರೆದುರು ಆ ತಟ್ಟೆಗಳನ್ನು ಅವನ ಮುಂದೆ ಇಡಬೇಕೆಂದು ನಿಶ್ಚಯಿಸಿದೆನು.

ಹೊಸ ತಟ್ಟೆಗಳನ್ನು ಮೊದಲೇ ತರಿಸಿ ರಾತ್ರಿಯೆಲ್ಲ ಎಣ್ಣೆಯಲ್ಲಿ ನೆನೆಹಾಕಿದ್ದೆನು. ಒಣಗಿದ ಬೆಂಡನ್ನು ಹಾಗೆಯೇ ಕೂರಿಸಿದರೆ ಅದು ಬೇಗನೆ ಸುಟ್ಟುಹೋಗುತ್ತದೆ. ಈ ಬೆಂಡು ಎಂಬುದು ಪೋರ್ಚುಗಲ್, ಸ್ಪೇನ್ ದೇಶಗಳ ಕಡೆ ಬೆಳೆಯುವ ಓಕ್ ಜಾತಿಯ ಮರವೊಂದರ ತೊಗಟೆ. ಮರವನ್ನು ಕಡಿಯುವುದಿಲ್ಲ, ತೊಗಟೆಯನ್ನಷ್ಟೇ ಸುಲಿದು, ಅದು ಮತ್ತೆ ಬೆಳೆಯಲು ಒಂಬತ್ತು ವರ್ಷದಷ್ಟು ಕಾಲ ಬಿಡುತ್ತಾರೆ. ಮಳೆಯನ್ನೇ ನಂಬಿ ಶೇಂಗಾ ಬಿತ್ತುವ ನಮ್ಮ ಸೀಮೆಯವರಿಗೆ ಅಂಥ ಕಾಯುವಿಕೆಯು ಅರ್ಥವಾಗದ ಸಂಗತಿಯೇನೂ ಅಲ್ಲ.

ಜೋಡಿಸುವಾಗ ತೊಡಕು ಎದುರಾಯಿತು. ಉಕ್ಕಿನ ತಟ್ಟೆಗಳಲ್ಲೊಂದು ಘಟ್ಟದಲ್ಲಿ ಕಾದು ನೀಲಿಗಟ್ಟಿತ್ತು. ಕನ್ನಡಿಯ ಮೇಲೆ ಇಟ್ಟು ನೋಡಿದರೆ ಒಂದು ಅಂಚಿನ ಕೆಳಗೆ ಉಗುರು ತೂರುವಷ್ಟು ಸಂದು. ಬಾಗಿದ ತಟ್ಟೆಯನ್ನು ಹಾಕಿದರೆ ಹಿಡಿಯುವಾಗ ಅದುರುತ್ತದೆ, ಬಿಡಬೇಕಾದಾಗ ಪೂರ್ತಿ ಬಿಡುವುದಿಲ್ಲ, ಹೊಸ ಬೆಂಡನ್ನೂ ಒಂದೇ ಕಡೆ ತಿನ್ನುತ್ತದೆ. ಆದರೆ ನಾನು ತರಿಸಿದ ಕಟ್ಟಿನಲ್ಲಿ ಇದ್ದುದು ಬೆಂಡಿನ ತಟ್ಟೆಗಳು ಮಾತ್ರ. ಅಂದು ಶನಿವಾರ, ಸಂಜೆಯಾಗಿತ್ತು. ಸೋಮವಾರ ಬೆಳಿಗ್ಗೆ ನನ್ನ ತಮ್ಮನ ಮಗನು ಅದೇ ಬಂಡಿಯಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಅದೇ ಚಾರ್ಮಾಡಿ ದಾರಿಯಲ್ಲಿ ಬೆಳ್ತಂಗಡಿಯ ನೆಂಟರ ಮನೆಗೆ ಹೊರಡುವವನಿದ್ದನು. ಅವನಿಗೆ ಆ ಬಂಡಿಯ ಮೇಲೆ ಆಸೆ. ನಾನು ಮಾತು ಕೊಟ್ಟಿದ್ದೆನು.

ನಾನು ಆ ತಟ್ಟೆಯನ್ನು ಹಾಕಲಿಲ್ಲವೆಂದು ಬರೆಯಬೇಕೆನ್ನಿಸುತ್ತದೆ. ಹಾಕಿದೆನು. ಒರೆಸಿ, ಎಣ್ಣೆ ಸವರಿ, ಎಲ್ಲಕ್ಕಿಂತ ಒಳಗಡೆ ಕೂರಿಸಿದೆನು. ಹೊಸದಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನಿಟ್ಟು ಮುಚ್ಚಳ ಕೂರಿಸಿ ಮೂರು ತಿರುಪುಗಳನ್ನೂ ಬಿಗಿದೆನು. ಅಷ್ಟರಲ್ಲಿ ಆ ಹುಡುಗನೇ ದೂರವಾಣಿಯಲ್ಲಿ ಮಾತಾಡಿದನು. ಕೆಲಸ ಇನ್ನೂ ಮುಗಿದಿಲ್ಲವೆಂದು ಹೇಳಿದಾಗ, "ಹೇಗಾದರೂ ನಡೆಯುವಂತೆ ಮಾಡಿಕೊಡಿ ದೊಡ್ಡಪ್ಪ" ಎಂದನು.

ಈ ಮಾತು ನನ್ನದೇ. ಆರು ವರ್ಷಗಳ ಹಿಂದೆ ಆ ಮೆಕ್ಯಾನಿಕ್ಕನ ಅಂಗಡಿಯಲ್ಲಿ ಒಂದಕ್ಷರವೂ ಬೇರೆಯಿಲ್ಲದೆ ನಾನು ಆಡಿದ್ದು ಇದನ್ನೇ. ಅವನು ಇಡೀ ಜೊತೆಯ ತಟ್ಟೆಗಳು ಬೇಕಾಗುತ್ತವೆ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕು, ಎರಡು ದಿನ ಹಿಡಿಯುತ್ತದೆ ಎಂದಿದ್ದನು. ಒಂದು ಮೊತ್ತವನ್ನೂ ಹೇಳಿದ್ದನು. ನಾನು ಆ ಮೊತ್ತದಲ್ಲಿ ಅರ್ಧಕ್ಕೆ ಇಳಿಸಿ, ಸಂಜೆಗೇ ಬಂಡಿ ಬೇಕೆಂದು ಹಟ ಹಿಡಿದಿದ್ದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಆಗಲೆಂದನು. ಆ ಮೌನವನ್ನು ಒಪ್ಪಿಗೆಯೆಂದು ತಿಳಿದು, ಚೌಕಾಸಿಯಲ್ಲಿ ಗೆದ್ದೆನೆಂಬ ಹಿಗ್ಗಿನಿಂದ ಚಹಾ ಕುಡಿಯಲು ಹೋದದ್ದು ಈಗ ಚೆನ್ನಾಗಿ ನೆನಪಾಯಿತು. ನಾನು ಕೊಟ್ಟ ಹಣಕ್ಕೂ ಕಾಲಕ್ಕೂ ಬರುವಷ್ಟು ಕೆಲಸವನ್ನು ಅವನು ಮಾಡಿದ್ದನು.

ಅವನು ಮಾಡಿದ್ದು ಸರಿಯೆಂದು ಇದರಿಂದ ಆಗುವುದಿಲ್ಲ. ಒಂದೇ ತಟ್ಟೆ ಹಾಕಿದ್ದೇನೆ, ದೂರದ ಪ್ರಯಾಣ ಬೇಡ ಎಂದು ಅವನು ಬಾಯಿಬಿಟ್ಟು ಹೇಳಬೇಕಾಗಿತ್ತು. ಹೇಳದೆ ಹೋದದ್ದು ಅವನ ತಪ್ಪು. ಆದರೆ ಹೇಳಿದ್ದರೆ ನಾನು ಕೇಳುತ್ತಿದ್ದೆನೇ? ಹಣ ಕೀಳುವ ಉಪಾಯವಿದೆಂದು ಪಕ್ಕದ ಅಂಗಡಿಗೆ ಬಂಡಿಯನ್ನು ತಳ್ಳಿಕೊಂಡು ಹೋಗುತ್ತಿದ್ದೆನೆಂದೇ ತೋರುತ್ತದೆ.

ಶರಣರ ಕಾಯಕದ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮನದನ್ನು ನಾವೆಲ್ಲರೂ ಬಲ್ಲೆವು. ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಮಾರಯ್ಯನು ತಂದಾಗ, ಅದನ್ನು ಅಲ್ಲಿಯೇ ಸುರಿದು ಬಾರೆಂದು ಆಕೆಯು ಹಿಂದಕ್ಕೆ ಕಳಿಸಿದಳು. ದುಡಿಯುವವನು ಹೆಚ್ಚು ತೆಗೆದುಕೊಳ್ಳಬಾರದೆಂದು ಈ ಕಥೆಯನ್ನು ನಾವು ಸಭೆಸಭೆಗಳಲ್ಲಿ ಹೇಳುತ್ತೇವೆ. ಹೇಳುವವರಲ್ಲಿ ಬಹುಮಂದಿ ದುಡಿಸಿಕೊಳ್ಳುವವರು ಎಂಬುದನ್ನು ಮಾತ್ರ ಗಮನಿಸುವುದಿಲ್ಲ. ತಕ್ಕುದಕ್ಕಿಂತ ಕಡಿಮೆ ಕೊಟ್ಟು ಮನೆಗೆ ಬಂದವನ ಕೈಯಲ್ಲೂ ಹೆಚ್ಚಿನ ಅಕ್ಕಿ ಇರುತ್ತದಲ್ಲವೇ? ಅದನ್ನು ಎಲ್ಲಿ ಸುರಿಯಬೇಕೆಂದು ಯಾವ ಉಪನ್ಯಾಸಕನೂ ನನಗೆ ಹೇಳಿರಲಿಲ್ಲ, ನಾನೂ ಯಾರಿಗೂ ಹೇಳಿರಲಿಲ್ಲ. ಕಾಯಕವೆಂಬುದು ಕೂಲಿಗಾರನೊಬ್ಬನ ನೀತಿಯಾಗಿ, ಕೂಲಿ ಕೊಡುವವನಿಗೆ ಸಂಬಂಧಿಸದ ಬೋಧೆಯಾಗಿ ನಮ್ಮ ಬಾಯಲ್ಲಿ ಕುಗ್ಗಿಹೋಗಿರುವುದು ಹೇಗೆಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆನು.

ಮುಚ್ಚಳವನ್ನು ಮತ್ತೆ ಬಿಚ್ಚಿದೆನು. ಹುಡುಗನಿಗೆ ಬಸ್ಸಿನಲ್ಲಿ ಹೋಗೆಂದು ಹೇಳಿದೆನು. ಅವನು ಮುನಿದನು, ಇಷ್ಟು ದಿನ ಇಟ್ಟುಕೊಂಡು ಕೂತವರಿಗೆ ಒಂದು ತಟ್ಟೆ ತರಿಸಲಾಗಲಿಲ್ಲವೇ ಎಂದು ತನ್ನ ತಾಯಿಯ ಮೂಲಕ ಹೇಳಿಸಿದನು. ಅದರಲ್ಲಿ ಸುಳ್ಳೇನಿಲ್ಲ. ಉಕ್ಕಿನ ತಟ್ಟೆಯು ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟು ದಿನವೂ ಬಂಡಿಯು ಹೊಟ್ಟೆ ಬಗೆದುಕೊಂಡು ಪಡಸಾಲೆಯಲ್ಲಿ ನಿಂತಿತ್ತು. ಬಂದವರೆಲ್ಲ ಅದನ್ನು ಸುತ್ತಿಕೊಂಡು ಒಳಗೆ ಹೋಗಬೇಕಾಯಿತು.

ಮನೆಯಲ್ಲಿಯೇ ಮಾಡಿಕೊಂಡರೆ ಬಡ ಕೆಲಸಗಾರನ ಕೂಲಿಯನ್ನು ಕಸಿದಂತಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಗಾಂಧೀಜಿಯವರು ಶರೀರಶ್ರಮವನ್ನು ಆಶ್ರಮದ ವ್ರತಗಳಲ್ಲಿ ಒಂದೆಂದು ಇಟ್ಟದ್ದನ್ನು ಮುಂದಿಟ್ಟು ನಾನು ವಾದಿಸಬಹುದಾಗಿತ್ತು. ಆದರೆ ಅವರ ಪ್ರಶ್ನೆಯಲ್ಲಿ ಹುರುಳಿದೆ. ನಾನು ನಾಲ್ಕು ದಿನ ಮೈಮುರಿದು ಮಾಡಿದ ಕೆಲಸವನ್ನು ಆ ಮೆಕ್ಯಾನಿಕ್ಕನು ಒಂದು ಹೊತ್ತಿನಲ್ಲಿ, ಇದಕ್ಕಿಂತ ಚೆನ್ನಾಗಿ ಮಾಡಿಯಾನು. ಒಮ್ಮೆ ಕೈಯಾರೆ ಮಾಡಿದವನು ಮುಂದೆ ಚೌಕಾಸಿ ಮಾಡುವಾಗ ನಾಲಗೆ ತಡೆಯುತ್ತದೆ, ಅಷ್ಟೇ ಲಾಭ. ಪ್ರತಿಯೊಬ್ಬನೂ ತನ್ನ ಬಂಡಿಯನ್ನು ತಾನೇ ಬಿಚ್ಚಬೇಕೆಂದು ನಾನು ಹೇಳಲಾರೆ. ತಿರುಪುಳಿ ಹಿಡಿಯಲು ಬಾರದವರಲ್ಲಿ ನನಗಿಂತ ನ್ಯಾಯವಾಗಿ ಕೂಲಿ ಕೊಡುವವರು ಎಷ್ಟೋ ಮಂದಿ ಇದ್ದಾರೆ.

ಕೆಲಸ ಮುಗಿದ ಮೇಲೆ ಬಂಡಿಯನ್ನು ಆ ಮೆಕ್ಯಾನಿಕ್ಕನ ಅಂಗಡಿಗೆ ಒಯ್ದೆನು. ತಟ್ಟೆಗಳ ಮಾತು ಎತ್ತಲಿಲ್ಲ. ಅವನು ಹಿಡಿಯನ್ನೊಮ್ಮೆ ಎಳೆದು ನೋಡಿ, ಸಡಿಲ ಕಡಿಮೆಯಾಯಿತೆಂದು ಕಾಲು ಸುತ್ತು ತಿರುಗಿಸಿದನು. ಯಾರು ಹಾಕಿದರೆಂದು ಕೇಳಿದನು. ನಾನೇ ಎಂದೆನು. ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದನು. ಒಳಗೆ ಏನಿತ್ತೆಂಬುದನ್ನು ನಾನು ಕಂಡಿರುವೆನೆಂದು ಅವನಿಗೆ ತಿಳಿಯಿತು. ಆರು ವರ್ಷದ ಹಿಂದೆ ಅವನು ಹೇಳಿದ್ದ ಮೊತ್ತದಲ್ಲಿ ನಾನು ಇಳಿಸಿದ್ದ ಭಾಗವನ್ನು ಮಡಿಸಿ ಮೇಜಿನ ಮೇಲೆ ಇಟ್ಟೆನು. ಕಾಲು ಸುತ್ತಿಗೆ ಇಷ್ಟೇಕೆಂದು ಅವನು ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ತೆಗೆದುಕೊಂಡನು.

ಅಂದು ಹೊರತೆಗೆದ ಹಳೆಯ ತಟ್ಟೆಗಳನ್ನು ಗುಜರಿಗೆ ಹಾಕಿದ್ದಾಯಿತು. ಅವನು ಹಾಕಿದ್ದ ಒಂದನ್ನು ಮಾತ್ರ ಎಣ್ಣೆಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಅದರ ಬೆಂಡು ಇನ್ನೂ ಚೆನ್ನಾಗಿದೆ.