ಬಗ್ಗಿ ಆಯ್ದ ಅಕ್ಕಿ

ಲಿಂಗಸುಗೂರಿನಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್ಡು ಇದೆ. ನನ್ನನ್ನೂ ಸೇರಿಸಿ ಆರು ಜನ. ಗೇಟು, ಕಿಟಕಿ, ಟ್ರ್ಯಾಕ್ಟರ್ ಟ್ರೇಲರಿನ ರಿಪೇರಿ, ಇವೇ ನಿತ್ಯದ ಕೆಲಸ. ಕೆಲವು ವರ್ಷಗಳ ಹಿಂದೆ ಕೇಂದ್ರ ಸರ್ಕಾರದ ಕಂಪನಿಯೊಂದು ನಮ್ಮ ಭಾಗದ ಸರ್ಕಾರಿ ಶಾಲೆಗಳಿಗೆ ಡೆಸ್ಕ್ ಕೊಡಿಸಲು ಟೆಂಡರ್ ಕರೆಯಿತು. ನಾನೂ ಹಾಕಿದೆ. ಒಂದು ಡೆಸ್ಕಿಗೆ ನಾನು ಬರೆದ ದರ 4,620 ರೂಪಾಯಿ. ಎಲ್-1 ಆದದ್ದು, ಅಂದರೆ ಎಲ್ಲರಿಗಿಂತ ಕಡಿಮೆ ಬರೆದದ್ದು, ಬೆಂಗಳೂರಿನ ದೊಡ್ಡ ಕಾರ್ಖಾನೆ. ಅವರದು 4,150. ಇದು ನಮ್ಮ ಪಾಲಿನದಲ್ಲ ಅಂದುಕೊಂಡು ಸುಮ್ಮನಾದೆ. ಮುಂದಿನ ವಾರ ಪತ್ರ ಬಂತು: 4,150ಕ್ಕೆ ಇಳಿಯುವುದಾದರೆ 180 ಡೆಸ್ಕ್ ನೀವು ಮಾಡಿಕೊಡಿ.

ಯಾರೋ ಅಧಿಕಾರಿ ಮನಸ್ಸು ಕರಗಿ ಬರೆದ ಪತ್ರವಲ್ಲ ಅದು. ಕೇಂದ್ರದ ಇಲಾಖೆಗಳು, ಕಂಪನಿಗಳು ತಮ್ಮ ವರ್ಷದ ಖರೀದಿಯಲ್ಲಿ ಒಂದು ಪಾಲನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದಲೇ ಕೊಳ್ಳಬೇಕೆಂದು 2012ರ ಆದೇಶ ಹೇಳುತ್ತದೆ. ಮೊದಲು ಆ ಪಾಲು ನೂರಕ್ಕೆ 20 ಇತ್ತು, 2018ರಲ್ಲಿ 25 ಆಯಿತು. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಗೆ 4, ಮಹಿಳೆಯರ ಉದ್ಯಮಗಳಿಗೆ 3. ನಮ್ಮಂಥವರು ಇ.ಎಂ.ಡಿ., ಅಂದರೆ ಟೆಂಡರಿನ ಠೇವಣಿ, ಕಟ್ಟಬೇಕಿಲ್ಲ. ನಮ್ಮ ದರ ಎಲ್-1ಕ್ಕಿಂತ ನೂರಕ್ಕೆ 15ರ ಒಳಗೆ ಹೆಚ್ಚಿದ್ದರೆ, ಆ ಕಡಿಮೆ ದರಕ್ಕೇ ಇಳಿದು ಪಾಲು ಪಡೆಯಬಹುದು. ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡುವುದಿಲ್ಲ. ಬಾಗಿಲು ಮುಚ್ಚುವ ಮೊದಲು ಇನ್ನೊಮ್ಮೆ ಕರೆಯುತ್ತಾರೆ, ಅಷ್ಟೇ.

ಆದರೂ ಪತ್ರ ಕೈಯಲ್ಲಿ ಹಿಡಿದಾಗ ಸಂತೋಷಕ್ಕಿಂತ ಮೊದಲು ನಾಚಿಕೆಯಾಯಿತು. ‘ಪುಕ್ಕಟೆ ಬಂದದ್ದು ಮೈಗೆ ಹತ್ತಂಗಿಲ್ಲ’ ಅನ್ನುತ್ತಿದ್ದ ಅಪ್ಪನ ಕೈಯಲ್ಲಿ ಬೆಳೆದವನು ನಾನು. ಪೈಪೋಟಿಯಲ್ಲಿ ಸೋತವನನ್ನು ಕರೆದು ಕೊಟ್ಟ ಕೆಲಸ ಕಾಯಕ ಆಗುತ್ತದೆಯೇ? ಅಥವಾ ಅದು ಮರ್ಯಾದೆಯ ಹೆಸರಿಟ್ಟ ಭಿಕ್ಷೆಯೇ? ಆ ರಾತ್ರಿ ಈ ಪ್ರಶ್ನೆ ನನ್ನನ್ನು ಮಲಗಗೊಡಲಿಲ್ಲ. ಇಂದಿಗೂ ಪೂರ್ತಿ ಬಿಟ್ಟಿಲ್ಲ.

ನಮ್ಮ ತಾಲ್ಲೂಕಿನ ಗುಡಗುಂಟಿ ಅಮರೇಶ್ವರದ ಕಡೆಯವರೇ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಕಲ್ಯಾಣಕ್ಕೆ ಹೋಗಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡ ದಂಪತಿ. ಒಂದು ದಿನ ಮಾರಯ್ಯ ದಿನದ ಲೆಕ್ಕಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದಳು. ಈ ಕಥೆಯನ್ನು ಜನ ಆಸೆ ಬೇಡ ಅನ್ನುವುದಕ್ಕೆ ಹೇಳುತ್ತಾರೆ. ನಾನೂ ಚಿಕ್ಕಂದಿನಿಂದ ಹಾಗೇ ಕೇಳಿದವನು. ಆ ರಾತ್ರಿ ಮಾತ್ರ ಕಥೆಯ ಮೊದಲ ಅರ್ಧ ಕಣ್ಣಿಗೆ ಬಿತ್ತು. ಆ ಅಕ್ಕಿ ಮಾರಯ್ಯ ಬೆಳೆದದ್ದಲ್ಲ, ಕೊಂಡದ್ದಲ್ಲ, ಯಾರನ್ನೂ ಸೋಲಿಸಿ ಗೆದ್ದದ್ದೂ ಅಲ್ಲ. ಇನ್ನೊಬ್ಬರ ಅಂಗಳದಲ್ಲಿ ಉಳಿದದ್ದು. ಆದರೂ ಕಲ್ಯಾಣದಲ್ಲಿ ಅದನ್ನು ಕಾಯಕ ಅಂದರು. ಯಾಕೆಂದರೆ ಒಂದೊಂದು ಕಾಳಿಗೂ ಅವನ ಸೊಂಟ ಬಗ್ಗಿತ್ತು. ಲಕ್ಕಮ್ಮ ಅನ್ನದ ಮೂಲದ ಬಗ್ಗೆ ಅಷ್ಟು ಕಟ್ಟುನಿಟ್ಟು. ಅವಳೂ ಆಯ್ದ ಅಕ್ಕಿಯನ್ನೇ ದಿನಾ ಬೇಯಿಸುತ್ತಿದ್ದಳು.

ಇನ್ನು ನಾನು ‘ಸೋತ’ ಆ 470 ರೂಪಾಯಿಯ ಮಾತು. ಬೆಳಗ್ಗೆ ಎದ್ದು ಅದನ್ನು ಬಿಡಿಸಿ ಬರೆದೆ. ಪಕ್ಕದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕು ತಯಾರಾಗುತ್ತದೆ. ನನಗೆ ಬೇಕಾದ ಚೌಕ ಪೈಪು ಮಾತ್ರ ಇಬ್ಬರು ಡೀಲರುಗಳ ಕೈ ದಾಟಿ ಬರುತ್ತದೆ, ಯಾಕೆಂದರೆ ನಾನು ಕೊಳ್ಳುವುದು ಇಪ್ಪತ್ತು, ಮೂವತ್ತು ಉದ್ದ, ಲೋಡು ತುಂಬುವುದಿಲ್ಲ. ಪೌಡರ್ ಕೋಟಿಂಗಿಗೆ ಹುಬ್ಬಳ್ಳಿಗೆ ಕಳಿಸಬೇಕು. ಹೋಗಿಬರುವ ಬಾಡಿಗೆ ನನ್ನದು. ಶಕ್ತಿನಗರದ ಸ್ಥಾವರದ ಸಾಮರ್ಥ್ಯ 1,720 ಮೆಗಾವ್ಯಾಟ್, ನಮ್ಮ ರಾಯಚೂರು ಜಿಲ್ಲೆಯದೇ ವಿದ್ಯುತ್ತು ಅದು. ನನ್ನ ಶೆಡ್ಡಿನಲ್ಲಿ ಹಗಲು ಕರೆಂಟು ಹೋದರೆ ರಾತ್ರಿ ಹನ್ನೊಂದಕ್ಕೆ ರಾಡು ಹಿಡಿಯುತ್ತೇವೆ. ಹಟ್ಟಿಯ ಚಿನ್ನ ನಮ್ಮ ತಾಲ್ಲೂಕಿನ ನೆಲದ್ದು. ಇಷ್ಟನ್ನು ಕೊಟ್ಟ ಜಿಲ್ಲೆ 2018ರಲ್ಲಿ ಕೇಂದ್ರ ಗುರುತಿಸಿದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲಿದೆ, ಅಂದರೆ ಹಿಂದುಳಿದವುಗಳ ಪಟ್ಟಿ. ಅದಕ್ಕೂ ಮೊದಲು 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದಿತು. ನಮ್ಮ ಪಕ್ಕದ ದೇವದುರ್ಗ ಆ ಸಾಲಿನಲ್ಲಿದೆ.

ಹೀಗೆ ಬಿಡಿಸುತ್ತಾ ಹೋದರೆ ಆ 470 ರೂಪಾಯಿಯಲ್ಲಿ ನನ್ನ ಸೋಮಾರಿತನ ಎಷ್ಟು, ನನ್ನ ಊರು ಎಷ್ಟು ಅನ್ನುವುದು ಕಾಣುತ್ತದೆ. ಟೆಂಡರ್ ನೋಡುವುದು ಕೊನೆಯ ಅಂಕಿಯೊಂದನ್ನೇ. ಊರಿನ ಬಡತನವನ್ನು ಒಬ್ಬನ ದಡ್ಡತನ ಅಂತ ಬರೆದುಕೊಳ್ಳುತ್ತದೆ. ಅದನ್ನು ಸಮಾನತೆ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ. 180 ಡೆಸ್ಕಿನ ಆರ್ಡರ್ ಬಂದಾಗ ಮೊದಲ ಸಲ ಪೂರ್ತಿ ಲೋಡು ಪೈಪು ನೇರವಾಗಿ ತರಿಸಿದೆ. ಕೆ.ಜಿ.ಗೆ ಎಷ್ಟು ಇಳಿಯಿತೆಂದರೆ, ಮುಂದಿನ ಟೆಂಡರಿಗೆ ನಾನು ಬರೆದ ದರ 4,310. ಹೆಚ್ಚಿನ ದರದ ರೋಗಕ್ಕೆ ಆ ಆರ್ಡರೇ ಔಷಧಿಯಾಯಿತು. ಲಾಭ ಅಷ್ಟಕ್ಕಷ್ಟೆ.

ಒಂದು ಕೊರತೆಯನ್ನು ಹೇಳಲೇಬೇಕು. ನಮ್ಮ ದೇಶದ 2012ರ ಆದೇಶ ಉದ್ಯಮದ ಗಾತ್ರ ನೋಡುತ್ತದೆ, ಯಾರದೆಂದು ನೋಡುತ್ತದೆ. ಯಾವ ಊರಿನದೆಂದು ನೋಡುವುದಿಲ್ಲ. ಬೆಂಗಳೂರಿನ ಪೀಣ್ಯದ ಸಣ್ಣ ಶೆಡ್ಡೂ ಲಿಂಗಸುಗೂರಿನ ಸಣ್ಣ ಶೆಡ್ಡೂ ಅದಕ್ಕೆ ಒಂದೇ. ಅಮೆರಿಕದಲ್ಲಿ 1997ರ ಕಾನೂನೊಂದು ಊರನ್ನೇ ನೋಡುತ್ತದೆ. ಹಬ್‌ಜೋನ್ ಎನ್ನುತ್ತಾರೆ. ಬಡತನ, ನಿರುದ್ಯೋಗ ಹೆಚ್ಚಿರುವ ಪ್ರದೇಶಗಳನ್ನು ಗುರುತಿಸಿ, ಅಲ್ಲಿನ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಗುತ್ತಿಗೆಗಳಲ್ಲಿ ನೂರಕ್ಕೆ 3ರ ಗುರಿ ಇಟ್ಟಿದ್ದಾರೆ. ಮುಖ್ಯ ಕಚೇರಿ ಆ ಪ್ರದೇಶದಲ್ಲೇ ಇರಬೇಕು. ಕೆಲಸಗಾರರಲ್ಲಿ ನೂರಕ್ಕೆ 35 ಜನ ಅಂಥ ಪ್ರದೇಶದ ನಿವಾಸಿಗಳೇ ಆಗಿರಬೇಕು. ಈ ಎರಡನೆಯ ಷರತ್ತು ನನಗೆ ಬಹಳ ಹಿಡಿಸಿತು. ಮಾಲೀಕನಿಗೆ ಕೊಟ್ಟ ಪಾಲು ಕೂಲಿಯವನ ಮನೆಯ ತನಕ ಹೋಗಲೇಬೇಕು ಅನ್ನುತ್ತದೆ ಅದು. ಶರಣರ ಮಾತಿನಲ್ಲಿ ಹೇಳುವುದಾದರೆ, ಕಾಯಕಕ್ಕೆ ದಾಸೋಹವನ್ನು ಗಂಟುಹಾಕಿದ ಷರತ್ತು.

ಊರಿಗೇಕೆ ಕೊಡಬೇಕು, ಮನುಷ್ಯನಿಗೆ ಕೊಟ್ಟರೆ ಸಾಲದೇ ಅಂತ ಕೇಳುವವರಿದ್ದಾರೆ. ಅವರಿಗೆ ನಮ್ಮ ಗುಳೆ ಗೊತ್ತಿಲ್ಲ. ಸುಗ್ಗಿ ಮುಗಿದ ಮೇಲೆ ಇಲ್ಲಿಂದ ಬಸ್ಸುಗಟ್ಟಲೆ ಜನ ಬೆಂಗಳೂರಿಗೆ ಹೋಗುತ್ತಾರೆ. ಆ 4,150ರ ಡೆಸ್ಕಿಗೂ ನಮ್ಮ ಕಡೆಯ ಹುಡುಗರೇ ರಾಡು ಹಿಡಿದಿರಬಹುದು. ಮನುಷ್ಯನಿಗೆ ಅಲ್ಲಿ ಕೂಲಿ ಸಿಕ್ಕಿತು, ನಿಜ. ಹಿಂದೆ ಉಳಿದ ಮುದುಕರಿಗೆ, ಬೀಗ ಹಾಕಿದ ಮನೆಗೆ, ಅರ್ಧಕ್ಕೆ ಬಿಟ್ಟ ಶಾಲೆಗೆ ಯಾರು ಉತ್ತರ ಹೇಳಬೇಕು?

ನಾನು ಮಾಡಿದ ತಪ್ಪನ್ನೂ ಇಲ್ಲಿ ಬರೆಯಬೇಕು. ಬರೆಯದಿದ್ದರೆ ಮೇಲಿನ ಮಾತುಗಳಿಗೆ ಬೆಲೆಯಿಲ್ಲ. ಮೊದಲ ಆರ್ಡರ್ ಮುಗಿದ ಮರುವರ್ಷ ದೊಡ್ಡ ಊರಿನ ವ್ಯಾಪಾರಿಯೊಬ್ಬ ಬಂದ. ‘ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಕೊಡ್ರಿ, ಮಾಲು ನಂದು, ಬಿಲ್ಲು ನಿಮ್ದು, ಅರವತ್ತು ಸಾವಿರ ನಿಮಗ’ ಅಂದ. ಸಣ್ಣ ಉದ್ಯಮ ಅನ್ನುವುದಕ್ಕೆ ಪುರಾವೆ ಆ ಸರ್ಟಿಫಿಕೇಟ್. ಮಗಳ ಹಾಸ್ಟೆಲ್ ಫೀಸಿನ ತಿಂಗಳು. ಸಹಿ ಹಾಕಿದೆ. ಹಣ ಬಂದ ದಿನ ನಮ್ಮ ಹಿರಿಯ ವೆಲ್ಡರ್ ಸಹಜವಾಗಿಯೇ ಕೇಳಿದ: ‘ಮಾಲಕ್ರ, ಬಿಲ್ ಆಗ್ಯದಂತ. ಯಾವ ಕೆಲಸದ್ದು? ನಾವ್ ಯಾವಾಗ ಮಾಡಿದ್ವಿ?’ ನನ್ನಲ್ಲಿ ಉತ್ತರವಿರಲಿಲ್ಲ.

ಎರಡು ತಿಂಗಳಿಗೆ ಆ ಡೆಸ್ಕುಗಳಿದ್ದ ಶಾಲೆಯೊಂದಕ್ಕೆ ಕಿಟಕಿ ಕೂರಿಸಲು ಹೋದೆ. ಡೆಸ್ಕಿನ ಪಕ್ಕಕ್ಕೆ ನನ್ನ ಶೆಡ್ಡಿನ ಹೆಸರು ಬರೆದಿತ್ತು. ಕಾಲು ಒಳಗೆ ಮಡಚಿಕೊಂಡಿತ್ತು, ಕೆಳಗೆ ಇಟ್ಟಿಗೆ ಕೊಟ್ಟಿದ್ದರು. ಕೂತು ಪೈಪಿನ ಬಾಯಿ ನೋಡಿದೆ. 16 ಗೇಜು ಇರಬೇಕಾದಲ್ಲಿ 20 ಗೇಜು ಹಾಕಿದ್ದರು. ಗೇಜಿನ ಅಂಕಿ ಏರಿದಷ್ಟೂ ಗೋಡೆ ತೆಳು. ಬೆಸುಗೆಯ ಮೇಲಿನ ಕಿಟ್ಟವನ್ನೂ ಬಡಿದಿರಲಿಲ್ಲ, ಅದರ ಮೇಲೇ ಬಣ್ಣ ಹೊಡೆದಿದ್ದರು. ಉಗುರಿನಿಂದ ಕೆರೆದರೆ ಬಣ್ಣದ ಜೊತೆ ಕಿಟ್ಟವೂ ಎದ್ದು ಬಂತು, ಒಳಗೆ ಬೆಸುಗೆ ಅರ್ಧಕ್ಕೇ ನಿಂತಿತ್ತು. ಇಟ್ಟಿಗೆ ಜಾರದಂತೆ ಒಂದು ಹುಡುಗಿ ಅದರ ಮೇಲೆ ಪಾದ ಒತ್ತಿ ಕೂತು ಕಾಪಿ ಬರೆಯುತ್ತಿದ್ದಳು.

ಲಕ್ಕಮ್ಮ ಸುರಿದು ಬಾ ಅಂದ ಅಕ್ಕಿ ಯಾವುದು ಅಂತ ಅಲ್ಲಿ ತಿಳಿಯಿತು. ನಮ್ಮಂಥ ಸಣ್ಣವರಿಗೆಂದು ತೆಗೆದಿಟ್ಟ ಪಾಲನ್ನು ನಾನು ಬಗ್ಗದೆ ಎತ್ತಿಕೊಂಡಿದ್ದೆ. ಊರಿನ ಹೆಸರನ್ನು ಊರಿನವನಲ್ಲದವನಿಗೆ ಬಾಡಿಗೆಗೆ ಕೊಟ್ಟಿದ್ದೆ. ಆ ಅರವತ್ತು ಸಾವಿರಕ್ಕೂ ಪೈಪು ತರಿಸಿದೆ. ಶಾಲೆಯಿಂದ ಶಾಲೆಗೆ ಹೋಗಿ ನಲವತ್ತು ಡೆಸ್ಕಿನ ಕಾಲು ಕಿತ್ತು ಹೊಸದು ಹಾಕಿದೆವು. ಉಳಿದವು ಇನ್ನೂ ಹಾಗೇ ಇವೆ, ವರ್ಷಕ್ಕಿಷ್ಟು ಮಾಡುತ್ತಿದ್ದೇನೆ.

ಕಳೆದ ಚಳಿಗಾಲದಲ್ಲಿ ಮತ್ತೊಂದು ಆರ್ಡರ್ ಬಂತು, 90 ಡೆಸ್ಕಿನದು. ಅಷ್ಟಕ್ಕೆ ಇಬ್ಬರನ್ನು ಹೊಸದಾಗಿ ತೆಗೆದುಕೊಂಡೆ, ಇಬ್ಬರೂ ಪ್ರತಿವರ್ಷ ಗುಳೆ ಹೋಗುವವರು. ಡೆಸ್ಕ್ ಇಳಿಸಲು ಅವರ ಊರಿನ ಶಾಲೆಗೇ ಹೋದಾಗ, ಹಿಂದಿನ ಎರಡು ಸಾಲು ಗೋಡೆಗೆ ಒತ್ತಿ ಇಡಿರಿ, ಗುಳೆ ಹೋದ ಮಕ್ಕಳು ಬರುವುದು ಜೂನಿಗೇ ಅಂದರು ಮೇಷ್ಟ್ರು. ಒಬ್ಬನ ಮಗಳು ಮಾತ್ರ ಆ ವರ್ಷ ಊರಲ್ಲೇ ಉಳಿದಿದ್ದಳು, ಮುಂದಿನ ಸಾಲಿನಲ್ಲಿ ಕೂತಿದ್ದಳು. ಇನ್ನೊಬ್ಬನ ಮಗನನ್ನು ಹುಡುಕಿದೆ. ಆರ್ಡರ್ ಮುಗಿದ ಮೂರನೆಯ ದಿನವೇ ಅವರು ಬಸ್ಸು ಹತ್ತಿದ್ದರು.